ಒಂದು ಪಾಸ್‌ವರ್ಡ್, ಮೂರು ವೇಷ: ಕಾಫಿ ಕ್ಯೂರಿಂಗ್ ಒಂದರಲ್ಲಿ ಕನೆಕ್ಷನ್ ಸ್ಟ್ರಿಂಗ್ ಕೈಕೊಟ್ಟ ಪ್ರಕರಣ

ಚಿಕ್ಕಮಗಳೂರಿನ ಹೊರವಲಯದ ಒಂದು ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ನಡೆದದ್ದು ಇದು. ಕನೆಕ್ಷನ್ ಸ್ಟ್ರಿಂಗ್ ಅಂದರೆ ಡೇಟಾಬೇಸ್ ಎಲ್ಲಿದೆ, ಯಾರ ಹೆಸರಲ್ಲಿ, ಯಾವ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬೇಕು ಅಂತ ಕಾರ್ಯಕ್ರಮಕ್ಕೆ ಹೇಳುವ ಸಾಲು. ಮಾಲೀಕರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಐಪಿ ವಿಳಾಸ, ಪಾಸ್‌ವರ್ಡ್, ಇನ್ನು ಕೆಲವು ಸಣ್ಣ ವಿವರ ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಹಾಗೇ ಇಟ್ಟಿದ್ದೇನೆ. ಅದರಲ್ಲಿ ದೊಡ್ಡವು ಎರಡು ನನ್ನವೇ.

ಹಿನ್ನೆಲೆ

ಜನವರಿ ಮೂರನೇ ವಾರ. ಅರೇಬಿಕಾ ಪಾರ್ಚ್‌ಮೆಂಟ್ (ಒಳಸಿಪ್ಪೆ ಇನ್ನೂ ಬಿಡಿಸದ ಒಣ ಕಾಫಿ) ಬರುವುದು ಇನ್ನೂ ನಿಂತಿರಲಿಲ್ಲ, ಅಷ್ಟರಲ್ಲಿ ರೋಬಸ್ಟಾ ಕೊಯ್ಲು ಶುರುವಾಗಿತ್ತು. ಸರ್ವರ್ ಬದಲಿಸೋಕೆ ಇದಕ್ಕಿಂತ ಕೆಟ್ಟ ಹೊತ್ತು ಬೇರೆ ಇಲ್ಲ. ಆದರೆ ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನೋಕೆ ಶುರು ಮಾಡಿತ್ತು. ಕಾಯುವ ಹಾಗಿರಲಿಲ್ಲ.

ಆ ಕಂಪ್ಯೂಟರಿನಲ್ಲಿ ಇದ್ದದ್ದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ 9.6 ಆವೃತ್ತಿ. ಅದಕ್ಕೆ 2021ರ ನವೆಂಬರ್‌ನಲ್ಲೇ ಬೆಂಬಲ ಮುಗಿದಿತ್ತು. ಅದರ ಮೇಲೆ ನಾಲ್ಕು ಕಾರ್ಯಕ್ರಮಗಳು ನಿಂತಿದ್ದವು. ತೂಕದ ರಸೀದಿ ಮತ್ತು ಗೋಡೌನ್ ದಾಸ್ತಾನಿಗೆ ಒಂದು ಹಳೇ ಜಾವಾ ತಂತ್ರಾಂಶ, ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್ ಮೇಲೆ ಓಡುವಂಥದ್ದು. ಯಾವ ಬೆಳೆಗಾರರ 50 ಕಿಲೋ ಮೂಟೆಯಿಂದ ಎಷ್ಟು ಬೀಜ ಬಂತು ಅಂತ ಪ್ರತಿ ರಾತ್ರಿ ಔಟ್‌ಟರ್ನ್ ವರದಿ ಕಳಿಸುವ ಪೈಥಾನ್ ಕಾರ್ಯಕ್ರಮ. ಮೂಡಿಗೆರೆಯ ಸಂಗ್ರಹ ಗೋಡೌನ್‌ನಲ್ಲಿ ಎಂಟ್ರಿ ಮಾಡೋಕೆ ನೋಡ್‌ನಲ್ಲಿ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಬರೆದ ಒಂದು ವೆಬ್ ಪುಟ. ಕೊನೆಗೆ ಅಕೌಂಟ್ಸ್ ಮೇಡಂ ಅವರ ಎಕ್ಸೆಲ್, ಅದು ಓಡಿಬಿಸಿ ಎಂಬ ಸಂಪರ್ಕ ಪದ್ಧತಿಯ ಮೂಲಕ ನೇರ ಡೇಟಾಬೇಸಿಗೆ ಹೋಗಿ ಲೆಕ್ಕ ಎಳೆಯುತ್ತಿತ್ತು.

ನಾಲ್ಕನ್ನೂ ನಾಲ್ಕು ಕಾಲದಲ್ಲಿ ನಾಲ್ಕು ಜನ ಬರೆದಿದ್ದರು. ಎಲ್ಲರಿಗೂ ಒಂದೇ ಪಾಸ್‌ವರ್ಡ್. ಅದು ಗೇಟಿನ ವಾಚ್‌ಮನ್‌ಗೂ ಗೊತ್ತಿತ್ತು. ಬದಲಿಸಿ ಅಂತ ಆಡಿಟರ್ ಬರೆದುಕೊಟ್ಟಿದ್ದರು. ಹಾಗಾಗಿ ಸರ್ವರ್ ಜೊತೆಗೇ ಪಾಸ್‌ವರ್ಡ್ ಕೂಡ ಬದಲಿಸೋಣ ಅಂತ ತೀರ್ಮಾನವಾಯಿತು. ಹೊಸದನ್ನು ಸಾಹುಕಾರರೇ ಯೋಚಿಸಿ ಕೊಟ್ಟರು. ಇಲ್ಲಿಗೆ ಅದನ್ನು 'ಕಾಫಿ#ಗಿರಿ@24' ಅಂತ ಇಟ್ಟುಕೊಳ್ಳಿ. ಅಕ್ಷರ ಬೇರೆ, ಆದರೆ ಆ ಎರಡು ಚಿಹ್ನೆಗಳು ಇದ್ದದ್ದು ಅದೇ ಜಾಗದಲ್ಲಿ.

ಭಾನುವಾರ ಹೊಸ ಲಿನಕ್ಸ್ ಯಂತ್ರದಲ್ಲಿ ಪೋಸ್ಟ್‌ಗ್ರೆಸ್ 15 ಹಾಕಿ ಡೇಟಾ ತುಂಬಿದೆವು. ಹಳೇ ಯಂತ್ರದ ವಿಳಾಸವನ್ನೇ, ಅಂದರೆ 192.168.1.20 ಅನ್ನೇ, ಹೊಸದಕ್ಕೂ ಕೊಟ್ಟೆವು. ನಾಲ್ಕೂ ಕಡೆ ಹಳೇ ಪಾಸ್‌ವರ್ಡ್ ಅಳಿಸಿ ಹೊಸದನ್ನು ಬರೆದೆವು. ಸರ್ವರ್ ಮುಂದೆ ಕೂತು ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ಗೆ ನೇರ ಪ್ರಶ್ನೆ ಕೇಳುವ ಸಾಧನ) ತೆಗೆದು ನೋಡಿದೆ. ಮೂಟೆಗಳ ಲೆಕ್ಕ ಸರಿಯಾಗಿ ಬಂತು. ಖುಷಿಯಿಂದ ಮನೆಗೆ ಹೋದೆ.

ಇದು ನನ್ನ ಮೊದಲ ತಪ್ಪು. ಅದೇ ಯಂತ್ರದಲ್ಲಿ ಕೂತು ಹೋಸ್ಟ್ (ಸರ್ವರ್ ಯಂತ್ರ) ಹೆಸರು ಕೊಡದೆ ಪಿಎಸ್‌ಕ್ಯೂಎಲ್ ಓಡಿಸಿದರೆ ಅದು ನೆಟ್‌ವರ್ಕ್ ಮುಟ್ಟುವುದೇ ಇಲ್ಲ. ಯಂತ್ರದೊಳಗಿನ ಸಾಕೆಟ್ ಮೂಲಕ ಹೋಗುತ್ತೆ. ನಮ್ಮ ಹೊಂದಾಣಿಕೆಯಲ್ಲಿ ಲಿನಕ್ಸ್ ಬಳಕೆದಾರನ ಹೆಸರು ನೋಡಿಯೇ ಒಳಗೆ ಬಿಟ್ಟಿತ್ತು, ಪಾಸ್‌ವರ್ಡ್ ಕೇಳಿರಲೇ ಇಲ್ಲ. ಅಂದರೆ ನಾನು ಪರೀಕ್ಷೆ ಮಾಡಿದ್ದು ಹಿತ್ತಲ ಬಾಗಿಲನ್ನು. ಜನ ಬರುವುದು ಮುಂಬಾಗಿಲಿಂದ.

ಸೋಮವಾರ ಬೆಳಿಗ್ಗೆ

ಎಂಟೂವರೆಗೆ ರೈಟರ (ಲೆಕ್ಕ ಬರೆಯುವವರ) ಫೋನ್. 'ಸಾರ್, ಬಿಲ್ಲಿಂಗ್ ತೆಗೀತಿಲ್ಲ. ಮೂರು ಗಾಡಿ ನಿಂತಿದಾವೆ.'

ನಾನು ಹೋಗುವಷ್ಟರಲ್ಲಿ ಅವರು ಹಳೇ ಉದ್ದನೆಯ ನೋಟ್‌ಬುಕ್ ತೆಗೆದಿದ್ದರು. ಬೆಳೆಗಾರರ ಹೆಸರು, ಮೂಟೆ, ತೂಕ, ತೇವಾಂಶ ಅಂತ ಸ್ಕೇಲ್ ಇಟ್ಟು ನಾಲ್ಕು ಗೆರೆ ಎಳೆದು, ರಸೀದಿ ಸಂಖ್ಯೆಯ ಮುಂದೆ ಕೆಂಪು ಪೆನ್ನಲ್ಲಿ 'ಕೈ' ಅಂತ ಬರೆದು ಕೆಲಸ ಶುರು ಮಾಡಿಯೇ ಬಿಟ್ಟಿದ್ದರು. ಆ ವಾರ ಕ್ಯೂರಿಂಗ್ ನಿಲ್ಲದೆ ನಡೆದದ್ದು ಆ ನೋಟ್‌ಬುಕ್ಕಿನಿಂದ. ನನ್ನಿಂದ ಅಲ್ಲ.

ಬಿಲ್ಲಿಂಗ್ ಅಂದರೆ ರಸೀದಿಯ ಆ ಜಾವಾ ತಂತ್ರಾಂಶವೇ. ಅದು ತೋರಿಸಿದ ದೂರು ಹೀಗಿತ್ತು: ಅಥೆಂಟಿಕೇಶನ್ ಟೈಪ್ 10 ಗೊತ್ತಿಲ್ಲ. ಇದು ಪಾಸ್‌ವರ್ಡ್ ತಪ್ಪು ಅಂತ ಅಲ್ಲ. ಪಾಸ್‌ವರ್ಡ್ ಕೇಳುವ ಭಾಷೆಯೇ ಅರ್ಥವಾಗುತ್ತಿಲ್ಲ ಅಂತ. ಪೋಸ್ಟ್‌ಗ್ರೆಸ್ ಮೊದಲು ಎಂಡಿ5 ಎಂಬ ಪದ್ಧತಿಯಲ್ಲಿ ಪಾಸ್‌ವರ್ಡ್ ಇಡುತ್ತಿತ್ತು. 2017ರ 10ನೇ ಆವೃತ್ತಿಯಲ್ಲಿ ಅದಕ್ಕಿಂತ ಭದ್ರವಾದ ಸ್ಕ್ರ್ಯಾಮ್ ಪದ್ಧತಿ ಬಂತು, 2021ರ 14ನೇ ಆವೃತ್ತಿಯಿಂದ ಅದೇ ಮಾಮೂಲಿ ಪದ್ಧತಿ ಆಯಿತು. ನಾವು 15ರಲ್ಲಿ ಹೊಸ ಪಾಸ್‌ವರ್ಡ್ ಇಟ್ಟೆವಲ್ಲ, ಅದು ಸ್ಕ್ರ್ಯಾಮ್‌ನಲ್ಲೇ ಕೂತಿತು. ಜಾವಾ ಕಡೆಯಿಂದ ಡೇಟಾಬೇಸ್ ಜೊತೆ ಮಾತಾಡುವ ಡ್ರೈವರ್ ಜಾರ್ (ಜಾವಾ ಫೈಲುಗಳ ಗಂಟು) ಮಾತ್ರ 9.4 ಸರಣಿಯದು. ಜೆಡಿಬಿಸಿ ಅನ್ನೋ ಈ ಜಾವಾ ಡ್ರೈವರ್ ಸ್ಕ್ರ್ಯಾಮ್ ಕಲಿತದ್ದು 2018ರ 42.2.0 ರಲ್ಲಿ.

ಇಲ್ಲಿ ಮೊದಲ ತೀರ್ಮಾನ ಮಾಡಬೇಕಾಯಿತು. ನೆಟ್‌ವರ್ಕ್ ನೋಡಿಕೊಳ್ಳುವವರು ಹೇಳಿದರು, 'ಸುಮ್ನೆ ಎಂಡಿ5ಗೆ ವಾಪಸ್ ಹಾಕಿಬಿಡಿ, ಐದು ನಿಮಿಷದ ಕೆಲಸ.' ಹೌದು, ಐದು ನಿಮಿಷವೇ. ಆದರೆ ಒಂದು ಹಳೇ ಜಾರ್‌ಗೋಸ್ಕರ ಇಡೀ ಸರ್ವರ್ ಬಾಗಬೇಕಾ? ಜಾರ್ ಬದಲಿಸಿ ನೋಡೋಣ, ಹನ್ನೊಂದರ ತನಕ ಆಗದಿದ್ದರೆ ಎಂಡಿ5 ಅಂದೆ. ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರಿನಿಂದ ಹಳೇ ಜಾರ್ ತೆಗೆದು ಜಾವಾ 8ಕ್ಕೆ ಹೊಂದುವ ಹೊಸದನ್ನು ಹಾಕಿ ಮತ್ತೆ ಶುರು ಮಾಡಿದೆವು. ಹತ್ತೂವರೆಗೆ ರಸೀದಿ ಬಂತು. ಈಗ 18ನೇ ಆವೃತ್ತಿಯಲ್ಲಿ ಎಂಡಿ5 ಅನ್ನು ಕೈಬಿಡಲಿರುವ ಪದ್ಧತಿ ಅಂತಲೇ ಗುರುತಿಸಿದ್ದಾರೆ. ಅವತ್ತು ಹಿಂದೆ ಸರಿದಿದ್ದರೆ ಇದೇ ಪಾಡು ಇನ್ನೊಂದು ಸುಗ್ಗಿಯಲ್ಲಿ ಪಡಬೇಕಿತ್ತು.

ಮಧ್ಯಾಹ್ನ ಎಲ್ಲ ಕೆಟ್ಟಿತು

ಜಾವಾ ಸರಿಹೋಯಿತು ಅಂತ ಟೀ ಕುಡಿದು ಪೈಥಾನ್ ವರದಿಯನ್ನು ಕೈಯಾರೆ ಓಡಿಸಿದೆ. '24@192.168.1.20' ಎಂಬ ಹೋಸ್ಟ್ ಸಿಗುತ್ತಿಲ್ಲ ಅಂತ ಬಂತು. ಹೋಸ್ಟ್ ಸಿಗುತ್ತಿಲ್ಲ ಅನ್ನೋದನ್ನಷ್ಟೇ ಕೇಳಿಸಿಕೊಂಡ ನೆಟ್‌ವರ್ಕಿನವರು ಕೇಬಲ್ ನೋಡೋಕೆ ಎದ್ದು ಹೋದರು. ಅರ್ಧ ಗಂಟೆ ಸ್ವಿಚ್, ಕೇಬಲ್ ಎಲ್ಲ ಬಿಚ್ಚಿ ಹಾಕಿದರು. ಆ ವಿಳಾಸದ ಹಿಂದೆ ಅಂಟಿಕೊಂಡಿದ್ದ '24@' ನಮ್ಮಿಬ್ಬರ ಕಣ್ಣಿಗೂ ಬೀಳಲಿಲ್ಲ.

ಪೈಥಾನ್‌ನಲ್ಲಿ ಕನೆಕ್ಷನ್ ಸ್ಟ್ರಿಂಗ್ ಯುಆರ್‌ಎಲ್ ರೂಪದಲ್ಲಿ, ಅಂದರೆ ವೆಬ್ ವಿಳಾಸದ ಥರ, ಇತ್ತು. ಅದರ ಆಕಾರ ಹೀಗೆ: ಮೊದಲು ಪೋಸ್ಟ್‌ಗ್ರೆಸ್‌ಕ್ಯೂಎಲ್, ಆಮೇಲೆ ಬಳಕೆದಾರ:ಪಾಸ್‌ವರ್ಡ್@ಹೋಸ್ಟ್:5432/ಡೇಟಾಬೇಸ್. ಇಲ್ಲಿ @ ಅಂದರೆ ಪಾಸ್‌ವರ್ಡ್ ಮುಗಿಯಿತು, ಇನ್ನು ಹೋಸ್ಟ್ ಅಂತ ಅರ್ಥ. ನಮ್ಮ ಪಾಸ್‌ವರ್ಡ್ ಒಳಗೇ ಒಂದು @ ಇತ್ತು. ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಪೈಥಾನ್ ಲೈಬ್ರರಿ ಮೊದಲ @ ಕಂಡ ಕೂಡಲೇ 'ಕಾಫಿ#ಗಿರಿ' ಅಷ್ಟೇ ಪಾಸ್‌ವರ್ಡ್ ಅಂತ ತಿಳಿದು, ಉಳಿದ 24 ಅನ್ನು ಹೋಸ್ಟಿಗೆ ಅಂಟಿಸಿತು. ಅದೇ ಹೊತ್ತಿಗೆ ಮೂಡಿಗೆರೆಯಿಂದ ನೋಡ್ ಹುಡುಗ ಫೋನ್ ಮಾಡಿ 'ಅಣ್ಣ, ಯುಆರ್‌ಎಲ್ಲೇ ತಪ್ಪು ಅಂತಿದೆ' ಅಂದ. ಅಲ್ಲಿ ಎಡವಿದ್ದು # ಮೇಲೆ. ಯುಆರ್‌ಎಲ್ ನಿಯಮದಲ್ಲಿ # ಬಂದರೆ ಮುಂದಿನದು ವಿಳಾಸದ ಭಾಗವೇ ಅಲ್ಲ. ಅಲ್ಲಿಗೆ ಕತ್ತರಿಸಿದರೆ ಬಳಕೆದಾರನ ಹೆಸರೇ ಹೋಸ್ಟ್ ಆಗಿ, 'ಕಾಫಿ' ಅನ್ನೋದು ಪೋರ್ಟ್ ನಂಬರ್ ಆಗಿ ಕೂರುತ್ತೆ!

ಮತ್ತೆ ಜಾವಾ ಯಾಕೆ ಸುಮ್ಮನೆ ಒಪ್ಪಿಕೊಂಡಿತು? ಅಲ್ಲಿ ಪಾಸ್‌ವರ್ಡ್ ಯುಆರ್‌ಎಲ್ ಒಳಗೆ ಇರಲಿಲ್ಲ. ಟಾಮ್‌ಕ್ಯಾಟ್ ಫೈಲಿನಲ್ಲಿ ಅದಕ್ಕೇ ಬೇರೆ ಖಾನೆ ಇತ್ತು. ಖಾನೆಯೊಳಗೆ @ ಬರೀ @, # ಬರೀ #.

ಯುಆರ್‌ಎಲ್ ಒಳಗೆ ಇಂಥ ಚಿಹ್ನೆಗಳನ್ನು ಮರೆಮಾಚಿ ಬರೆಯೋಕೆ ದಾರಿ ಇದೆ. # ಬದಲು %23, @ ಬದಲು %40. ಇಲ್ಲಿಯವರೆಗೂ ಸರಿ. ಇಲ್ಲಿ ನನಗೊಂದು ಐಡಿಯಾ ಬಂತು. ನಾಲ್ಕು ಕಡೆ ನಾಲ್ಕು ಥರ ಯಾಕೆ? ಒಂದೇ ಯುಆರ್‌ಎಲ್ ಮಾಡಿ, ಅದನ್ನೇ ಎಲ್ಲ ಕಡೆ ಅಂಟಿಸಿಬಿಟ್ಟರೆ ಮುಗೀತು ಅಲ್ವಾ? ಕೇಳೋಕೆ ಅಚ್ಚುಕಟ್ಟು. ಇದೇ ನನ್ನ ಎರಡನೇ ತಪ್ಪು, ಮತ್ತು ಇಡೀ ಪ್ರಕರಣದಲ್ಲಿ ಜಾಸ್ತಿ ದುಬಾರಿಯಾದದ್ದು.

ನೋಡ್‌ನ ಯುಆರ್‌ಎಲ್ ದೂರು ನಿಂತಿತು. ಪೈಥಾನ್ ಮತ್ತೆ ಮುಗ್ಗರಿಸಿತು. ಅದು ತನ್ನ ಯುಆರ್‌ಎಲ್ ಅನ್ನು ಇನಿ ಎಂಬ ಹೊಂದಾಣಿಕೆ ಫೈಲಿನಿಂದ ಓದುತ್ತಿತ್ತು. ಪೈಥಾನ್‌ನ ಇನಿ ಓದುಗನಿಗೆ % ಅಂದರೆ 'ಬೇರೆ ಕಡೆಯ ಬೆಲೆಯನ್ನು ಇಲ್ಲಿ ತುಂಬು' ಅಂತ ಸೂಚನೆ. % ಮುಂದೆ ಇನ್ನೊಂದು % ಅಥವಾ ಆವರಣ ಚಿಹ್ನೆ ಇರಬೇಕು, 2 ಯಾಕೆ ಬಂತು ಅಂತ ಜಗಳ ತೆಗೆಯಿತು. ಹಾಗಾಗಿ ಅಲ್ಲಿ ಮಾತ್ರ %%23 ಅಂತ ಬರೆಯಬೇಕಾಯಿತು. ಎಲ್ಲ ಒಂದೇ ಥರ ಇರಲಿ ಅಂತ ಹುಮ್ಮಸ್ಸಿನಲ್ಲಿದ್ದ ಆಫೀಸಿನ ಹುಡುಗ ಯುಆರ್‌ಎಲ್‌ನಿಂದ ಪಾಸ್‌ವರ್ಡ್ ತುಂಡನ್ನು ಕತ್ತರಿಸಿ ಜಾವಾದ ಖಾನೆಗೂ ಅಂಟಿಸಿಬಿಟ್ಟ. ಖಾನೆಯಲ್ಲಿ ಮರೆಮಾಚಿದ್ದನ್ನು ಬಿಡಿಸಿ ಓದುವವರು ಯಾರೂ ಇಲ್ಲ. ಜಾವಾ '%23' ಅನ್ನೋ ಮೂರು ಅಕ್ಷರಗಳನ್ನು ಹಾಗೇ ಸರ್ವರಿಗೆ ಒಪ್ಪಿಸಿತು.

ಎರಡು ಗಂಟೆಗೆ ಬಿಲ್ಲಿಂಗ್ ಮತ್ತೆ ನಿಂತಿತು. ಹೊರಗೆ ಆಲ್ದೂರು ಕಡೆಯ ಎರಡು ಗಾಡಿ. ರೈಟರು ಏನೂ ಮಾತಾಡದೆ ನೋಟ್‌ಬುಕ್ ತೆಗೆದರು. ಆ ಮೌನ ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಒಂದೇ ಪಾಸ್‌ವರ್ಡ್‌ಗೆ ಈಗ ಮೂರು ವೇಷ. ಜಾವಾದ ಖಾನೆಗೆ #. ನೋಡ್‌ನ ಯುಆರ್‌ಎಲ್‌ಗೆ %23. ಪೈಥಾನ್‌ನ ಇನಿ ಫೈಲಿಗೆ %%23. ವೇಷ ಅದಲುಬದಲಾದರೆ ಪಾತ್ರ ಕೆಟ್ಟಿತು.

ಲಾಗ್ ನೋಡಿದ ಮೇಲೆ

ಅಲ್ಲಿಯವರೆಗೆ ನಾವು ನೋಡುತ್ತಿದ್ದದ್ದು ಕಾರ್ಯಕ್ರಮಗಳ ಪರದೆ ಮೇಲೆ ಬರುವ ದೂರು ಮಾತ್ರ. ಮೂರು ಗಂಟೆಗೆ ಸರ್ವರಿನ ಲಾಗ್, ಅಂದರೆ ನಡೆದದ್ದನ್ನು ಅದು ಬರೆದಿಡುವ ಫೈಲ್, ತೆರೆದೆ. ಪಾಸ್‌ವರ್ಡ್ ತಪ್ಪಾದರೂ, ಆ ಹೆಸರಿನ ಬಳಕೆದಾರನೇ ಇಲ್ಲದಿದ್ದರೂ, ಪೋಸ್ಟ್‌ಗ್ರೆಸ್ ಹೊರಗಿನವರಿಗೆ ಹೇಳುವುದು ಒಂದೇ ಮಾತು. ಕಳ್ಳರಿಗೆ ಸುಳಿವು ಸಿಗಬಾರದು ಅಂತ ಬೇಕಂತಲೇ ಹಾಗೆ. ನಿಜವಾದ ಕಾರಣ ಸರ್ವರಿನ ಲಾಗ್‌ನಲ್ಲಿ ಮಾತ್ರ ಇರುತ್ತೆ.

ಯಾರು ಬಾಗಿಲು ತಟ್ಟಿದರು ಅನ್ನೋದೂ ಗೊತ್ತಾಗಲಿ ಅಂತ, ಪ್ರತಿ ಸಂಪರ್ಕವನ್ನೂ ಲಾಗ್‌ನಲ್ಲಿ ಬರೆಯುವ ಹೊಂದಾಣಿಕೆಯನ್ನು ಆನ್ ಮಾಡಿದೆ. ಆಮೇಲೆ ಹುಡುಕುವ ಕ್ರಮವೇ ಬದಲಾಯಿತು. ಲಾಗ್‌ನಲ್ಲಿ ಸಾಲೇ ಇಲ್ಲ ಅಂದರೆ ಕಾರ್ಯಕ್ರಮ ಸರ್ವರಿನ ತನಕ ಬಂದೇ ಇಲ್ಲ, ಸ್ಟ್ರಿಂಗ್ ಒಡೆಯುವಾಗಲೇ ಅಥವಾ ದಾರಿಯಲ್ಲೇ ಸತ್ತಿದೆ. ಬಂದು ಬಾಗಿಲಲ್ಲಿ ತಿರಸ್ಕಾರವಾಗಿದ್ದರೆ ಪಾಸ್‌ವರ್ಡಿನ ತಕರಾರು. ಪೈಥಾನಿನ ಮೊದಲ ದೂರು ಮೊದಲನೇ ಜಾತಿಯದು, ಜಾವಾದ ಎರಡನೇ ಸಲದ್ದು ಎರಡನೇ ಜಾತಿಯದು. ಬೆಳಿಗ್ಗೆಯೇ ಇದನ್ನು ಮಾಡಿದ್ದರೆ ಕೇಬಲ್ ಬಿಚ್ಚುವ ಅರ್ಧ ಗಂಟೆ ಉಳಿಯುತ್ತಿತ್ತು. ನಾಲ್ಕಕ್ಕೆ ಜಾವಾ ಖಾನೆಗೆ ಹಳೇ # ವಾಪಸ್ ಬಂತು, ಬಿಲ್ಲಿಂಗೂ ಬಂತು.

ಮಂಗಳವಾರ, ಮೂಡಿಗೆರೆ

ನೋಡ್ ಪುಟ ಚಿಕ್ಕಮಗಳೂರಿನ ಆಫೀಸಿನಲ್ಲಿ ಪರೀಕ್ಷೆ ಮಾಡಿದಾಗ ಪ್ರಮಾಣಪತ್ರ ಸರಿಯಿಲ್ಲ ಅಂತ ನಿಂತಿತು. ಪ್ರಮಾಣಪತ್ರ ಅಂದರೆ ಸರ್ವರ್ ತಾನು ಯಾರು ಅಂತ ತೋರಿಸುವ ಗುರುತಿನ ಚೀಟಿ. ಸರ್ವರಿನ ಪ್ರಮಾಣಪತ್ರ ನಾವೇ ಮಾಡಿ ನಾವೇ ಸಹಿ ಹಾಕಿದ್ದು. ವಿಚಿತ್ರ ಅಂದರೆ ಪೈಥಾನಿನಲ್ಲೂ ನೋಡ್‌ನಲ್ಲೂ ಇದ್ದ ಸಾಲು ಒಂದೇ: ಎಸ್‌ಎಸ್‌ಎಲ್ (ಗುಪ್ತ ಸಂಪರ್ಕ) ಮೋಡ್ ಬೆಲೆ ರಿಕ್ವೈರ್. ಪೈಥಾನಿನ ಕೆಳಗಿರುವ ಸಿ ಭಾಷೆಯ ಲಿಬ್‌ಪಿಕ್ಯೂ ಎಂಬ ಪೋಸ್ಟ್‌ಗ್ರೆಸ್ ಲೈಬ್ರರಿ ಅದನ್ನು 'ಗುಪ್ತವಾಗಿ ಮಾತಾಡು, ಪ್ರಮಾಣಪತ್ರ ಯಾರದ್ದಾದರೂ ಇರಲಿ' ಅಂತ ಓದಿತು. ನಮ್ಮಲ್ಲಿದ್ದ ನೋಡ್ ಡ್ರೈವರ್ 'ಪ್ರಮಾಣಪತ್ರ ಪರೀಕ್ಷಿಸಿಯೇ ಮುಂದೆ ಹೋಗು' ಅಂತ ಓದಿತು. ಪದ ಒಂದೇ, ಅರ್ಥ ಎರಡು. ಅದೂ ಭದ್ರತೆಯ ವಿಷಯದಲ್ಲಿ!

'ಅಣ್ಣ, ಪರೀಕ್ಷೆ ಆಫ್ ಮಾಡೋ ಒಂದು ಸಾಲು ಇದೆ, ಹಾಕ್ಲಾ?' ಅಂತ ಹುಡುಗ ಕೇಳಿದ. ಎಲ್ಲರೂ ಮಾಡುವುದು ಅದನ್ನೇ. ಬೇಡ ಅಂದೆ. ಸರ್ವರಿಗೆ ಒಂದು ಹೆಸರಿಟ್ಟು, ಆ ಹೆಸರಿಗೇ ಪ್ರಮಾಣಪತ್ರ ಮಾಡಿ, ಅದರ ಪ್ರತಿಯನ್ನು ಮೂಡಿಗೆರೆ ಕಂಪ್ಯೂಟರಿಗೆ ಕೊಟ್ಟು, 'ಇದನ್ನು ನಂಬು' ಅಂತ ನೋಡ್‌ಗೆ ಹೇಳಿಕೊಟ್ಟೆವು. ಒಂದು ಗಂಟೆ ಹಿಡಿಯಿತು. ಆಫೀಸಿನಲ್ಲಿ ಸರಿಯಾಗಿ ಓಡಿತು.

ಹುಡುಗ ಸುಮಾರು 30 ಕಿಲೋಮೀಟರ್ ಬೈಕಲ್ಲಿ ಹೋಗಿ ಮೂಡಿಗೆರೆಯಲ್ಲಿ ಹಾಕಿದ. ಒಂದೇ ಒಂದು ಸಲವೂ ಕನೆಕ್ಟ್ ಆಗಲಿಲ್ಲ. ಟೈಮ್‌ಔಟ್. ಪಿಂಗ್ ನೋಡಿದರೆ ವಿಪಿಎನ್ (ಎರಡೂ ಕಡೆಯನ್ನು ಸೇರಿಸುವ ಖಾಸಗಿ ಸಂಪರ್ಕ) ಸರಿಯಿದೆ, ಉತ್ತರ 30, 40 ಮಿಲಿಸೆಕೆಂಡಿಗೆ ಬರುತ್ತಿದೆ. ಮಳೆ ಇಲ್ಲ, ಕರೆಂಟ್ ಇದೆ. ಇನ್ನೇನು?

ಕಾಲು ಗಂಟೆ ಫೋನಿನಲ್ಲೇ ಫೈಲ್ ಓದಿಸಿದೆ. ಕೊನೆಗೆ ಅವನು ಓದಿದ, 'ಕನೆಕ್ಷನ್ ಟೈಮ್‌ಔಟ್ ಮಿಲಿಸ್, ಹತ್ತು.' ಪೈಥಾನ್ ಕಡೆ ಕನೆಕ್ಟ್ ಟೈಮ್‌ಔಟ್ 10 ಅಂತ ಇತ್ತು, ಲಿಬ್‌ಪಿಕ್ಯೂಗೆ ಅದು 10 ಸೆಕೆಂಡ್. ನೋಡ್‌ಗೂ ಹತ್ತೇ ಇರಲಿ ಅಂತ ಹಿಂದಿನ ದಿನ ಹೇಳಿದ್ದು ನಾನೇ, ಎಲ್ಲ ಒಂದೇ ಥರ ಮಾಡುವ ಹುಚ್ಚಿನಲ್ಲಿ. ಅಲ್ಲಿ ಅದು 10 ಮಿಲಿಸೆಕೆಂಡ್. ಆಫೀಸಿನ ಒಳಗೆ ಅಷ್ಟರಲ್ಲಿ ಹೇಗೋ ದಡ ಸೇರುತ್ತಿತ್ತು. ಮೂಡಿಗೆರೆಯಿಂದ ಮೊದಲ ಉತ್ತರ ಬರುವ ಮೊದಲೇ ನೋಡ್ ಫೋನ್ ಇಟ್ಟುಬಿಡುತ್ತಿತ್ತು. 10000 ಅಂತ ಮಾಡಿದೆವು. ಆ ಹುಡುಗ ನಗಲಿಲ್ಲ, ಅದು ಅವನ ದೊಡ್ಡತನ.

ಹೊಸ ಏರ್ಪಾಡು

ಮಂಗಳವಾರ ಸಂಜೆ ಕೂತು ನನ್ನ ಒಂದೇ ಯುಆರ್‌ಎಲ್ ಯೋಜನೆಯನ್ನು ಕಿತ್ತು ಹಾಕಿದೆ. ಈ ಡ್ರೈವರ್‌ಗಳು ಬೇರೆ ಬೇರೆ ಮನೆಯಲ್ಲಿ ಬೆಳೆದವು. ಓಡಿಬಿಸಿ 1992ರದ್ದು, ಅರ್ಧವಿರಾಮ ಹಾಕಿ ಹೆಸರು-ಬೆಲೆ ಜೋಡಿ ಬರೆಯುವುದು ಅದರ ರೂಢಿ. ಜೆಡಿಬಿಸಿ 1997ರದ್ದು, ಅದಕ್ಕೆ ಅದರದ್ದೇ ಯುಆರ್‌ಎಲ್. ಲಿಬ್‌ಪಿಕ್ಯೂಗೆ ಯುಆರ್‌ಎಲ್ ರೂಪ ಬಂದದ್ದು 2012ರ 9.2 ರಲ್ಲಿ, ಅದಕ್ಕೆ ಮುಂಚೆ ಜಾಗ ಬಿಟ್ಟು ಬಿಟ್ಟು ಬರೆಯುವ ಜೋಡಿಗಳೇ. ಇವುಗಳ ನಡುವೆ ಒಂದೇ ಆಗಿರುವುದು ಸ್ಟ್ರಿಂಗ್ ಅಲ್ಲ. ಒಳಗಿನ ಐದು ಸಂಗತಿಗಳು: ಹೋಸ್ಟ್, ಪೋರ್ಟ್, ಡೇಟಾಬೇಸ್, ಬಳಕೆದಾರ, ಪಾಸ್‌ವರ್ಡ್.

ಹಾಗಾಗಿ ಐದನ್ನೂ ಬಿಡಿಬಿಡಿಯಾಗಿ, ಯಾವ ಮರೆಮಾಚುವಿಕೆಯೂ ಇಲ್ಲದೆ ಇಟ್ಟೆವು. ಸ್ಟ್ರಿಂಗ್ ಕಟ್ಟುವ ಕೆಲಸ ಆಯಾ ಲೈಬ್ರರಿಗೇ ಬಿಟ್ಟೆವು. ಎಸ್‌ಕ್ಯೂಎಲ್‌ಆಲ್ಕೆಮಿಗೆ ಬಿಡಿ ಭಾಗ ಕೊಟ್ಟರೆ ಅದೇ ಯುಆರ್‌ಎಲ್ ಕಟ್ಟಿಕೊಳ್ಳುತ್ತೆ, %40 ಎಲ್ಲ ಅದರ ತಲೆನೋವು. ನೋಡ್ ಕೂಡ ಬಿಡಿ ಭಾಗ ತಗೊಳ್ಳುತ್ತೆ. ಕಾರ್ಯಕ್ರಮಕ್ಕೊಂದರಂತೆ ನಾಲ್ಕು ಬಳಕೆದಾರರನ್ನೂ ಮಾಡಿದೆವು. ಎಕ್ಸೆಲ್‌ಗೆ ಓದುವ ಹಕ್ಕು ಮಾತ್ರ.

ಉಳಿದದ್ದು ಪಾಸ್‌ವರ್ಡ್. ಬಿಡಿಯಾಗಿ ಇಟ್ಟರೂ # ಪೂರ್ತಿ ಕ್ಷೇಮವಲ್ಲ. ನೋಡ್ ಓದುವ ಎನ್ವ್ ಎಂಬ ಹೊಂದಾಣಿಕೆ ಫೈಲಿನಲ್ಲಿ ಉದ್ಧರಣ ಚಿಹ್ನೆ ಹಾಕದಿದ್ದರೆ # ಇಂದ ಮುಂದಿನದ್ದು ಟಿಪ್ಪಣಿ ಅಂತ ಬಿಟ್ಟುಹೋಗುತ್ತೆ. ಇನಿ ಫೈಲಿನ % ಗಲಾಟೆ ಆಗಲೇ ನೋಡಿದ್ದೆವು. 'ಸರ್, ಪಾಸ್‌ವರ್ಡ್ ಉದ್ದ ಮಾಡೋಣ, ಚಿಹ್ನೆ ಬಿಡೋಣ' ಅಂದೆ. 'ಆಡಿಟರ್ ಚಿಹ್ನೆ ಇರ್ಲೇಬೇಕು ಅಂದಿದಾರಲ್ಲ ಮಾರಾಯ್ರೆ' ಅಂದರು ಸಾಹುಕಾರರು. ಅವರ ಮಾತೂ ಸರಿಯೇ. ಯುಆರ್‌ಎಲ್ ನಿಯಮದಲ್ಲಿ ಎಲ್ಲೂ ಮರೆಮಾಚಬೇಕಿಲ್ಲದ ಚಿಹ್ನೆ ನಾಲ್ಕೇ: ಅಡ್ಡಗೆರೆ, ಚುಕ್ಕಿ, ಅಂಡರ್‌ಸ್ಕೋರ್, ಟಿಲ್ಡೆ. ಯಂತ್ರದಿಂದಲೇ 32 ಅಕ್ಷರ, ಅಂಕಿ ಹುಟ್ಟಿಸಿ ನಡುವೆ ಎರಡು ಅಡ್ಡಗೆರೆ ಹಾಕಿದೆವು. ಆಡಿಟರ್ ಒಪ್ಪಿದರು. ಸಾಹುಕಾರರಿಗೆ ಮಾತ್ರ ತಾವು ಯೋಚಿಸಿದ್ದು ಹೋಯಿತಲ್ಲ ಅಂತ ಸ್ವಲ್ಪ ಬೇಸರ.

ಎಕ್ಸೆಲ್ ಬುಧವಾರ ಸರಿಹೋಯಿತು. ಅಲ್ಲಿ ಪಾಸ್‌ವರ್ಡಿನದ್ದು ಏನೂ ಇರಲಿಲ್ಲ. ಮೇಡಂ ಅವರ ಎಕ್ಸೆಲ್ 32 ಬಿಟ್, ನಾವು ಹೊಸ ಡಿಎಸ್‌ಎನ್ (ಓಡಿಬಿಸಿ ಸಂಪರ್ಕದ ವಿವರಗಳಿಗೆ ಇಟ್ಟ ಹೆಸರು) ಮಾಡಿದ್ದು 64 ಬಿಟ್ ಓಡಿಬಿಸಿ ಕಿಟಕಿಯಲ್ಲಿ. ವಿಂಡೋಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಕಿಟಕಿ, ನೋಡೋಕೆ ಮಾತ್ರ ಅವಳಿ ಜವಳಿ.

ಹೆಸರಿಲ್ಲದವರು

ಪ್ರತಿ ಕಾರ್ಯಕ್ರಮವೂ ಕನೆಕ್ಟ್ ಆಗುವಾಗ ತನ್ನ ಹೆಸರು ಹೇಳುವ ಹಾಗೆ ಮಾಡಿದ್ದೆವು. ಲಿಬ್‌ಪಿಕ್ಯೂ, ನೋಡ್ ಎರಡರಲ್ಲೂ ಅಪ್ಲಿಕೇಶನ್ ಮತ್ತು ನೇಮ್ ನಡುವೆ ಅಂಡರ್‌ಸ್ಕೋರ್. ಜೆಡಿಬಿಸಿಯಲ್ಲಿ ಎರಡೂ ಸೇರಿಸಿ ಒಂದೇ ಪದ. ಇದರಲ್ಲೂ ಒಮ್ಮತ ಇಲ್ಲ, ನೋಡಿ. ಹಾಗೆ ಮಾಡಿದರೆ ಈಗ ಯಾರು ಯಾರು ಒಳಗಿದ್ದಾರೆ ಅಂತ ಸರ್ವರಿನಲ್ಲಿ ಒಂದು ಪ್ರಶ್ನೆ ಕೇಳಿದರೆ ಸಾಕು, ಬಿಲ್ಲಿಂಗ್, ಔಟ್‌ಟರ್ನ್, ಮೂಡಿಗೆರೆ ಅಂತ ಹೆಸರು ಸಮೇತ ಬರುತ್ತೆ.

ಗುರುವಾರ ಬೆಳಿಗ್ಗೆ ಸುಮ್ನೆ ಹಿಂದಿನ ರಾತ್ರಿಗಳ ಲಾಗ್ ಓದುತ್ತಿದ್ದೆ. ರಾತ್ರಿ ಒಂದೂವರೆಗೆ ಒಬ್ಬರು ಬಾಗಿಲು ತಟ್ಟಿದ ಸಾಲು ಇತ್ತು. ಒಳಗೆ ಬಂದ ಸಾಲು ಇರಲಿಲ್ಲ. ಅದರ ಹಿಂದಿನ ರಾತ್ರಿಯೂ ಅಷ್ಟೇ, ಅದೇ ಒಂದೂವರೆ. ನಮ್ಮ ನಾಲ್ಕರಲ್ಲಿ ಯಾವುದೂ ಆ ಹೊತ್ತಿಗೆ ಬರುವುದಿಲ್ಲ.

ಐಪಿ ಹಿಡಿದು ಹುಡುಕಿದರೆ ಅದು ಗೋಡೌನ್ ಮೂಲೆಯಲ್ಲಿ, ಗೋಣಿ ಚೀಲದ ರಾಶಿಯ ಹಿಂದೆ ಇದ್ದ ಒಂದು ಧೂಳು ಹಿಡಿದ ಕಂಪ್ಯೂಟರ್. ಯಾರೋ ಎಂದೋ ಪ್ರತಿ ರಾತ್ರಿ ಬ್ಯಾಕಪ್ ತೆಗೆಯೋಕೆ ಪಿಜಿ ಡಂಪ್ ಇಟ್ಟುಹೋಗಿದ್ದರು. ಅದೂ 9.6ರದ್ದು, ಅದಕ್ಕೂ ಸ್ಕ್ರ್ಯಾಮ್ ಬರುವುದಿಲ್ಲ. ಬಂದಿದ್ದರೂ ಉಪಯೋಗ ಇರಲಿಲ್ಲ, ಪಿಜಿ ಡಂಪ್ ತನಗಿಂತ ಹೊಸ ಆವೃತ್ತಿಯ ಸರ್ವರಿನಿಂದ ಡಂಪ್ ತೆಗೆಯೋಕೆ ಒಪ್ಪುವುದಿಲ್ಲ. ಭಾನುವಾರದಿಂದ ನಾಲ್ಕು ರಾತ್ರಿ ಬ್ಯಾಕಪ್ ಇಲ್ಲ. ಅದರ ಪರದೆ ಯಾರೂ ನೋಡುವುದಿಲ್ಲ, ಹಾಗಾಗಿ ಯಾರೂ ಫೋನ್ ಮಾಡಿರಲಿಲ್ಲ. ನಾವು ಪಟ್ಟಿ ಮಾಡುವಾಗ ಕೇಳಿದ್ದು 'ಯಾವ ಕಾರ್ಯಕ್ರಮ ಬಳಸ್ತೀರಿ' ಅಂತ. ಬ್ಯಾಕಪ್ ಅನ್ನು ಯಾರು ಬಳಸುತ್ತಾರೆ?

15ರ ಪಿಜಿ ಡಂಪ್ ಹಾಕಿ, ಅದಕ್ಕೂ ಒಬ್ಬ ಬಳಕೆದಾರನನ್ನು ಮಾಡಿ, ಕೈಯಾರೆ ಒಂದು ಬ್ಯಾಕಪ್ ತೆಗೆದು ಇನ್ನೊಂದು ಯಂತ್ರದಲ್ಲಿ ತುಂಬಿ ನೋಡಿದೆ. ರೈಟರು 'ಕೈ' ರಸೀದಿಗಳನ್ನು ಎಂಟ್ರಿ ಮಾಡುತ್ತಾ ಕೂತಿದ್ದರು. ಸಾಹುಕಾರರು ಬಂದು ಕೇಳಿದರು, 'ಇನ್ನೂ ಯಾರಾದ್ರೂ ಹೀಗೆ ರಾತ್ರಿ ಬಂದು ಬಾಗಿಲು ತಟ್ಟಿ ಹೋಗೋರು ಇದಾರಾ?'

'ತಿಂಗಳ ಕೊನೆ ತನಕ ಲಾಗ್ ಆನ್ ಇರ್ಲಿ ಸರ್' ಅಂದೆ. 'ತಿಂಗಳಿಗೊಂದು ಸಲ ಬರೋರೂ ಇರ್ತಾರೆ.'